ಬೀರುವಿನಲ್ಲಿ ಮಲಗಿರುವ ಸೀಡಿಗಳು

ಸಹಕಾರನಗರದಂತಹ ಬಡಾವಣೆಯಲ್ಲಿ ಯಾವ ಮನೆಯ ಬೀರುವನ್ನು ತೆರೆದರೂ ಕೆಳಗಿನ ಖಾನೆಯಲ್ಲೊಂದು ಜಿಪ್ಪಿನ ಚೀಲ ಸಿಗುತ್ತದೆ. ಅದರೊಳಗೆ ಇಪ್ಪತ್ತೋ ಮೂವತ್ತೋ ಸೀಡಿಗಳು. ಒಂದರ ಮೇಲೆ ‘ಗೃಹಪ್ರವೇಶ’ ಎಂದು ಬರೆದಿದೆ. ಇನ್ನೊಂದರ ಮೇಲೆ ‘ಪುಟ್ಟಿಯ ನಾಮಕರಣ’, ಮತ್ತೊಂದರ ಮೇಲೆ ‘ಪ್ರಾಜೆಕ್ಟ್ ಫೈನಲ್’. ನಾಲ್ಕನೆಯದರ ಮೇಲೆ ಏನೂ ಇಲ್ಲ. ಮನೆಯಲ್ಲಿ ಈಗಿರುವ ಲ್ಯಾಪ್‌ಟಾಪಿಗೆ ಇವನ್ನು ನುಂಗುವ ಬಾಯಿಯೇ ಇಲ್ಲ. ಆದರೂ ಯಜಮಾನರಿಗೆ ಚಿಂತೆಯಿಲ್ಲ. ‘ಸೀಡಿಗೆ ಹಾಕಿಸಿದ್ದೇವಲ್ಲ, ಭದ್ರವಾಗಿದೆ’ ಎಂಬ ಸಮಾಧಾನ. ಈ ಸಮಾಧಾನ ಎಷ್ಟರ ಮಟ್ಟಿಗೆ ಸರಿ ಎಂಬುದೇ ಈ ವಾರದ ವಿಷಯ.

1990ರ ದಶಕದ ಕೊನೆಯಲ್ಲಿ ಸೀಡಿ ರೈಟರ್ ಇರುವ ಗಣಕ ನಮ್ಮ ಕಡೆ ಅಪರೂಪವಾಗಿತ್ತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ಜೋಡಿಸಿಕೊಡುತ್ತಿದ್ದ ಬಹುಪಾಲು ಗಣಕಗಳಲ್ಲಿ ಅದು ಬಂದು ಕೂತಿತು. ಸ್ಟುಡಿಯೋದವರು ಮದುವೆಯ ಕ್ಯಾಸೆಟ್ ಬಿಟ್ಟು ಸೀಡಿ ಕೊಡತೊಡಗಿದರು. ಕಾಲೇಜಿನ ಹುಡುಗರು ಪ್ರಾಜೆಕ್ಟ್ ವರದಿಯ ಹಿಂಬದಿಗೆ ಸೀಡಿ ಅಂಟಿಸಿ ಒಪ್ಪಿಸಿದರು. ಹಾಗೆ ಬರೆದ ಸೀಡಿಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅವು ಅಷ್ಟು ಕಾಲ ಬಾಳಲೆಂದು ಹುಟ್ಟಿದವೇ? ಇದಕ್ಕೆ ಉತ್ತರ ಬೇಕಾದರೆ ಬರೆಯುವುದೆಂದರೆ ಏನು ಎಂಬುದನ್ನು ಮೊದಲು ನೋಡಬೇಕು.

ಅಚ್ಚು ಬೇರೆ, ಬರಹ ಬೇರೆ

ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳು ಸೇರಿ ರೂಪಿಸಿದ ಸೀಡಿ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅಂಗಡಿಯಲ್ಲಿ ಕೊಳ್ಳುತ್ತಿದ್ದ ಹಾಡಿನ ಸೀಡಿ ಅಚ್ಚೊತ್ತಿದ ವಸ್ತು. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕಣ್ಣಿಗೆ ಕಾಣದ ಕುಳಿಗಳನ್ನು ಅಚ್ಚಿನಿಂದ ಒತ್ತಿ, ಅದರ ಮೇಲೆ ಅಲ್ಯೂಮಿನಿಯಂ ಲೇಪ ಕೊಡುತ್ತಾರೆ. ಓದುವ ಲೇಸರ್ ಕಿರಣದ ತರಂಗಾಂತರ 780 ನ್ಯಾನೊಮೀಟರ್. ಕುಳಿ ಇದ್ದಲ್ಲಿ ಬೆಳಕು ಒಂದು ಬಗೆಯಾಗಿ, ಇಲ್ಲದಲ್ಲಿ ಇನ್ನೊಂದು ಬಗೆಯಾಗಿ ಮರಳುತ್ತದೆ. ಈ ಬದಲಾವಣೆಯೇ ಗಣಕದ ಒಂದು, ಸೊನ್ನೆಗಳ ಮೂಲ.

ನಾವು ಮನೆಯಲ್ಲಿ ಬರೆಯುವ ಸೀಡಿ-ಆರ್ ಹಾಗಲ್ಲ. ಅದರಲ್ಲಿ ಕುಳಿಗಳೇ ಇಲ್ಲ. ಪ್ಲಾಸ್ಟಿಕ್ಕಿಗೂ ಲೋಹದ ಲೇಪಕ್ಕೂ ನಡುವೆ ಒಂದು ಸಾವಯವ ಬಣ್ಣದ ತೆಳುಪದರ ಇರುತ್ತದೆ. ಬರೆಯುವಾಗ ಲೇಸರಿನ ಶಕ್ತಿ ಓದುವಾಗಿನ ಶಕ್ತಿಯ ಹಲವು ಪಟ್ಟು ಏರುತ್ತದೆ. ಅದು ತಾಗಿದ ಕಡೆ ಬಣ್ಣ ಕಾದು, ರಾಸಾಯನಿಕವಾಗಿ ಬದಲಾಗಿ, ಬೆಳಕನ್ನು ಮೊದಲಿನಂತೆ ಹಿಂದಿರುಗಿಸದಾಗುತ್ತದೆ. ಹುಡುಗರು ಇದನ್ನು ‘ಬರ್ನ್ ಮಾಡುವುದು’ ಎನ್ನುತ್ತಿದ್ದುದರಲ್ಲಿ ತಪ್ಪಿಲ್ಲ. ಅಲ್ಲಿ ನಡೆಯುವುದು ನಿಜಕ್ಕೂ ಒಂದು ಸೂಕ್ಷ್ಮವಾದ ಸುಡುವ ಕೆಲಸವೇ.

ಹೀಗಾಗಿ ಕೊಂಡ ಸೀಡಿಯನ್ನು ಅಚ್ಚಾದ ಪುಸ್ತಕಕ್ಕೆ ಹೋಲಿಸಿದರೆ, ಬರೆದ ಸೀಡಿಯನ್ನು ತಾಳೆಯೋಲೆಗೆ ಹೋಲಿಸಬೇಕು. ಬಣ್ಣದ ಪದರ ಸಾವಯವ ವಸ್ತುವಾದ್ದರಿಂದ ಬಿಸಿಲು, ಶಾಖ, ತೇವ ಈ ಮೂರಕ್ಕೂ ಅದು ಅಂಜುತ್ತದೆ. ಮೊದಲ ಸೀಡಿ-ಆರ್‌ಗಳನ್ನು 1988ರಲ್ಲಿ ಹೊರತಂದ ಜಪಾನಿನ ತೈಯೊ ಯೂಡೆನ್ ಸಂಸ್ಥೆ ಬಳಸಿದ್ದು ಸಯನೀನ್ ಎಂಬ ಬಣ್ಣ. ಅದರ ಅಡಿಭಾಗ ನೀಲಿ ಹಸಿರಾಗಿ ಕಾಣುತ್ತದೆ. ಮುಂದೆ ಬಂದ ಥ್ಯಾಲೊಸಯನೀನ್ ಹೆಚ್ಚುಕಡಿಮೆ ಬಣ್ಣವಿಲ್ಲದಂತೆ ತಿಳಿಯಾಗಿರುತ್ತದೆ; ಬೆಳಕಿಗೆ ಅದು ಹೆಚ್ಚು ತಾಳಿಕೊಳ್ಳುತ್ತದೆ. ನಿಮ್ಮ ಸೀಡಿಯನ್ನು ತಿರುಗಿಸಿ ನೋಡಿ. ಅಡಿಯಲ್ಲಿ ಹಸಿರು, ನೀಲಿ ಛಾಯೆ ಕಂಡರೆ ಅದು ಬರೆದದ್ದು. ಬರಿಯ ಬೆಳ್ಳಿಯಂತೆ ಹೊಳೆದರೆ ಬಹುಮಟ್ಟಿಗೆ ಅಚ್ಚೊತ್ತಿದ್ದು. ಮೊದಲು ಉಳಿಸಬೇಕಾದದ್ದು ಬಣ್ಣದವನ್ನು.

ಚಕ್ಕುಲಿಯ ಪಾಠ

ಸೀಡಿಯ ಮೇಲಿನ ದಾರಿ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿ. ಸುತ್ತಿನಿಂದ ಸುತ್ತಿಗೆ ಅಂತರ 1.6 ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನಲ್ಲಿ 625 ಸುತ್ತು. ಸುರುಳಿಯನ್ನು ಬಿಚ್ಚಿ ನೇರ ಮಾಡಿದರೆ ಸುಮಾರು 5.3 ಕಿಲೋಮೀಟರ್. ಸಹಕಾರನಗರದಿಂದ ಹೊರಟರೆ ಹೆಬ್ಬಾಳದ ಮೇಲ್ಸೇತುವೆಯನ್ನು ದಾಟಿ ಮುಂದೆ ಹೋಗುವಷ್ಟು ದೂರ!

ಈ ದಾರಿಯಲ್ಲಿ ಸೆಕೆಂಡಿಗೆ 75 ಖಂಡಗಳಂತೆ ಮಾಹಿತಿ ಬರೆಯುವುದು ಮೂಲ ವೇಗ. ಒಂದೊಂದು ಖಂಡದಲ್ಲಿ 2,352 ಬೈಟ್. ಹಾಡಿನ ಸೀಡಿಯಲ್ಲಿ ಅಷ್ಟೂ ಹಾಡಿಗೇ ಮೀಸಲು. ಕಡತಗಳ ಸೀಡಿಯಲ್ಲಿ ಮಾತ್ರ 2,048 ಬೈಟ್ ನಮಗೆ, ಉಳಿದ 304 ಬೈಟ್ ವಿಳಾಸಕ್ಕೆ ಮತ್ತು ತಪ್ಪು ತಿದ್ದುವ ಲೆಕ್ಕಕ್ಕೆ. 2,048ನ್ನು 75ರಿಂದ ಗುಣಿಸಿದರೆ 1,53,600, ಅಂದರೆ 150 ಕಿಲೋಬೈಟ್. ಡ್ರೈವಿನ ಮೇಲೆ ‘52 ಎಕ್ಸ್’ ಎಂದಿದ್ದರೆ ಅದರ 52 ಪಟ್ಟು ಎಂದರ್ಥ. 74 ನಿಮಿಷದ ಸೀಡಿಯಲ್ಲಿ 3,33,000 ಖಂಡಗಳು. ಅದರಿಂದಲೇ 650 ಮೆಗಾಬೈಟ್ ಎಂಬ ಸಂಖ್ಯೆ ಬಂದದ್ದು.

ಸುರುಳಿ ಒಂದೇ ಆದ್ದರಿಂದ ಬರೆಯುವ ಕೆಲಸ ನಡುವೆ ನಿಲ್ಲುವಂತಿಲ್ಲ. ಚಕ್ಕುಲಿ ಒತ್ತುವವರಿಗೆ ಈ ಸಂಕಟ ಗೊತ್ತು. ಒರಳಿನಲ್ಲಿ ಹಿಟ್ಟು ಅರ್ಧಕ್ಕೇ ಮುಗಿದರೆ ಸುತ್ತು ತುಂಡಾಗುತ್ತದೆ, ಆಮೇಲೆ ಅಂಟಿಸಿದರೆ ಕೂರುವುದಿಲ್ಲ. ಗಣಕ ನಿಧಾನವಾಗಿ ಮಾಹಿತಿ ಒದಗಿಸಿ, ರೈಟರಿನ ಒರಳು ಬರಿದಾದರೆ ಸೀಡಿಯೇ ಹಾಳು. ಆ ಕಾಲದ ಹುಡುಗರು ಸೀಡಿ ಬರೆಯುವಾಗ ಗಣಕವನ್ನು ಮುಟ್ಟಬೇಡಿರೆಂದು ಮನೆಮಂದಿಗೆಲ್ಲ ತಾಕೀತು ಮಾಡುತ್ತಿದ್ದುದು ಇದೇ ಕಾರಣಕ್ಕೆ. 2000ದ ಸುಮಾರಿಗೆ, ಹಿಟ್ಟು ಮುಗಿದರೆ ನಿಂತು ಕಾದು, ಬಿಟ್ಟ ಜಾಗದಿಂದಲೇ ಮುಂದುವರಿಯುವ ರೈಟರುಗಳು ಬಂದವು. ಅಲ್ಲಿಯವರೆಗೆ ಹಾಳಾದ ಸೀಡಿಗಳು ಎಷ್ಟೋ ಹೊಲಗಳಲ್ಲಿ ಹಕ್ಕಿ ಬೆದರಿಸುವ ಕೆಲಸಕ್ಕೆ ಸೇರಿದವು.

ಸೀಡಿ ತನ್ನ ಕಾಯಿಲೆಯನ್ನು ಮುಚ್ಚಿಡುತ್ತದೆ

ಇನ್ನು ಮುಖ್ಯ ಸಂಗತಿ. ಸೀಡಿಯ ಮೇಲೆ ಗೀರು ಬಿದ್ದರೂ ಹಾಡು ನಿಲ್ಲದಿರುವುದನ್ನು ನೀವು ಗಮನಿಸಿರಬಹುದು. ಇದು ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಅಮೆರಿಕನ್ ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಕೃಪೆ. ಮಾಹಿತಿಯ ಜೊತೆಗೆ ತಪ್ಪು ತಿದ್ದುವ ಹೆಚ್ಚುವರಿ ಅಂಕೆಗಳನ್ನೂ ಬರೆದು, ಎಲ್ಲವನ್ನೂ ಸುರುಳಿಯ ಉದ್ದಕ್ಕೆ ಚದುರಿಸುತ್ತಾರೆ. ಹತ್ತು ವಾಕ್ಯಗಳ ಅಕ್ಷರಗಳನ್ನು ಬೇರೆ ಬೇರೆ ಸಾಲುಗಳಲ್ಲಿ ಹಂಚಿ ಬರೆದರೆ, ಒಂದು ಸಾಲು ಅಳಿಸಿಹೋದಾಗ ಪ್ರತಿ ವಾಕ್ಯದಲ್ಲೂ ಒಂದೆರಡು ಅಕ್ಷರ ಮಾತ್ರ ಹೋಗುತ್ತದೆ. ಅದನ್ನು ಸಂದರ್ಭದಿಂದ ಊಹಿಸಿ ತುಂಬಿಕೊಳ್ಳಬಹುದು. ಹಾಗೆಯೇ ಇದು. ಸುರುಳಿಯ ಗುಂಟ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಸೀಡಿ ತನ್ನನ್ನು ತಾನೇ ಸರಿಪಡಿಸಿಕೊಂಡು ಓದಬಲ್ಲದು.

ಈ ಗುಣವೇ ದೋಷವೂ ಹೌದು. ಬಣ್ಣ ವರ್ಷ ವರ್ಷ ಮಾಸುತ್ತಿದ್ದರೂ ಲೆಕ್ಕಾಚಾರ ತಿದ್ದುತ್ತಲೇ ಇರುವುದರಿಂದ ನಮಗೆ ಹೊರಗೆ ಏನೂ ಕಾಣುವುದಿಲ್ಲ. ಸಕ್ಕರೆ ಕಾಯಿಲೆಯಂತೆ ಒಳಗೊಳಗೇ ಬೆಳೆದು, ತಿದ್ದುವ ಮಿತಿ ಮೀರಿದ ದಿನ ಕಡತ ಒಮ್ಮೆಲೇ ತೆರೆಯದಾಗುತ್ತದೆ. ‘ಹೋದ ವರ್ಷ ಚೆನ್ನಾಗಿಯೇ ಇತ್ತಲ್ಲ’ ಎಂದು ಎಲ್ಲರೂ ಹೇಳುವುದು ಅದಕ್ಕೇ.

ನಮ್ಮ ಬಡಾವಣೆಯ ನಿವೃತ್ತ ನೌಕರರೊಬ್ಬರು ಈಚೆಗೆ ಒಂದು ಸೀಡಿ ಹಿಡಿದು ಬಂದರು. 2004ರಲ್ಲಿ ನಡೆದ ಮಗಳ ಮದುವೆಯದು. ಅದರಲ್ಲಿ ಅವರ ಪತ್ನಿ ಹಸೆಗೆ ಕರೆಯುವ ಹಾಡು ಹೇಳುವ ಎರಡು ನಿಮಿಷದ ಭಾಗವಿತ್ತು. ಆಕೆ ತೀರಿಕೊಂಡು ಐದು ವರ್ಷ. ‘ಮೇಷ್ಟ್ರೇ, ಅವಳ ದನಿ ಬೇರೆಲ್ಲೂ ಇಲ್ಲ’ ಎಂದರು. ಸೀಡಿ ವರ್ಷಗಟ್ಟಲೆ ಟಿ.ವಿ. ಪಕ್ಕದ ಕಿಟಕಿಯ ಬಳಿ ಇದ್ದದ್ದು. ಡ್ರೈವಿಗೆ ಹಾಕಿದರೆ ತಿರುಗುವ ಸದ್ದು ಬಂತೇ ಹೊರತು ಏನೂ ತೆರೆಯಲಿಲ್ಲ. ಸ್ಟುಡಿಯೋದವರು ಎಷ್ಟು ಪ್ರತಿ ಕೊಟ್ಟಿದ್ದರೆಂದು ಕೇಳಿದೆ. ಎರಡು, ಇನ್ನೊಂದು ಬೀಗರ ಮನೆಯಲ್ಲಿರಬೇಕು ಎಂದರು. ತುಮಕೂರಿನಿಂದ ಅದು ಬಂತು. ಟ್ರಂಕಿನೊಳಗೆ, ಕತ್ತಲಲ್ಲಿ, ಸೀರೆಗಳ ನಡುವೆ ಇದ್ದ ಸೀಡಿ. ಕೊನೆಯ ಭಾಗ ಓದಲಾಗದಿದ್ದರೂ ಹಾಡು ಪೂರ್ತಿ ಸಿಕ್ಕಿತು. ಅವರು ಅದನ್ನು ಎರಡು ಸಲ ಕೇಳಿದರು, ಏನೂ ಮಾತಾಡಲಿಲ್ಲ. ಒಂದೇ ಅಂಗಡಿಯಲ್ಲಿ ಒಂದೇ ದಿನ ಬರೆದ ಎರಡು ಸೀಡಿಗಳ ಹಣೆಬರಹ ಬೇರೆಯಾದದ್ದು ಬಿಸಿಲಿನಿಂದ, ಇಟ್ಟ ಜಾಗದಿಂದ.

ಪ್ರತಿ ಮಾಡುವವರಿಂದ ಉಳಿದದ್ದು

ಪ್ರತಿ ಮಾಡುವುದು ನಮಗೆ ಹೊಸತಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕೆ.ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾದದ್ದು 1898ರಲ್ಲಿ. ನಡುವಿನ ಸಾವಿರ ವರ್ಷ ಅದು ಉಳಿದದ್ದು ಯಾವುದೋ ಒಂದು ಓಲೆಯ ಗಟ್ಟಿತನದಿಂದಲ್ಲ. ಓಲೆ ಹುಳು ಹಿಡಿಯುವ ಮೊದಲೇ ಇನ್ನೊಂದು ಓಲೆಗೆ ಇಳಿಸಿದ ಹೆಸರಿಲ್ಲದ ಲಿಪಿಕಾರರಿಂದ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಎಲ್ಲರೂ ಬಲ್ಲ ಸಂಗತಿ. ಒಂದೇ ಕಡೆ ಸಾವಿರ ಇಡಲಿಲ್ಲ, ಹಂಚಿದಳು ಎಂಬುದನ್ನು ಗಮನಿಸಬೇಕು. ಮಾಹಿತಿ ಉಳಿಸುವ ಶಾಸ್ತ್ರದ ಸಾರವೆಲ್ಲ ಅಷ್ಟೇ.

ಕಲ್ಲು ಕೂಡ ಇದಕ್ಕೆ ಹೊರತಲ್ಲ. ನಮ್ಮ ಪಕ್ಕದ ಹೆಬ್ಬಾಳದಲ್ಲಿ ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದೆ. ಸಾವಿರದ ಇನ್ನೂರು ವರ್ಷ ದಾಟಿದರೂ ಅಕ್ಷರ ಓದಬರುತ್ತದೆ. ಆದರೆ ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿರುವ ಹಲವು ಕಲ್ಲುಗಳು ಇಂದು ನಗರದಲ್ಲಿ ಇಲ್ಲ. ಕಟ್ಟಡಗಳ ಅಡಿಗೆ ಹೋದವು. ಕಲ್ಲು ಹೋದರೂ ಅದರ ಮಾತು ಉಳಿದಿರುವುದು ರೈಸ್ ಪ್ರತಿ ಮಾಡಿಕೊಂಡದ್ದರಿಂದ. ಬೆಂಗಳೂರಿನ ಮಿಥಿಕ್ ಸೊಸೈಟಿಯ ಯೋಜನೆಯೊಂದು ಈಗ ಉಳಿದಿರುವ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವುದೂ ಅದೇ ಪರಂಪರೆಯ ಕೆಲಸ.

ಕಾಲಾವಕಾಶ ಹೆಚ್ಚಿಲ್ಲ

ಸೀಡಿ ಉಳಿದರೂ ಓದುವ ಯಂತ್ರ ಉಳಿಯಬೇಕಲ್ಲ? ತೈಯೊ ಯೂಡೆನ್ 2015ರ ಕೊನೆಗೆ ಈ ವ್ಯವಹಾರದಿಂದ ಹೊರಬಂತು. ಭಾರತದ ಮನೆಮನೆಗೆ ಖಾಲಿ ಸೀಡಿ ಒದಗಿಸಿದ, 2007ರ ಸುಮಾರಿಗೆ ಮೂವತ್ತು ರೂಪಾಯಿಯ ಆಸುಪಾಸಿನಲ್ಲಿ ಸಿನಿಮಾ ಸೀಡಿ ಮಾರಿದ ಮೋಸರ್ ಬೇರ್ ಸಂಸ್ಥೆಯನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡುವಂತೆ ಕಂಪನಿ ನ್ಯಾಯಮಂಡಳಿ 2018ರಲ್ಲಿ ಆದೇಶಿಸಿತು. ಸೋನಿ ತನ್ನ ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಕೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ರೈಟರ್ ಒಂದೆರಡು ಸಾವಿರ ರೂಪಾಯಿಯೊಳಗೆ ಈಗಲೂ ಸಿಗುತ್ತದೆ. ಹತ್ತು ವರ್ಷದ ಮೇಲೂ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು. ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಸಾಕು. ಸಹಕಾರ ಎಂಬ ಹೆಸರಿಟ್ಟುಕೊಂಡ ಬಡಾವಣೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೆಲಸದ ಕ್ರಮ

ಮೊದಲು ಒರೆಸುವುದು. ಮೆದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ವೃತ್ತಾಕಾರವಾಗಿ ಅಲ್ಲ. ಸುತ್ತಿನ ಗುಂಟ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೆ ಅಳಿಸುತ್ತದೆ. ಅಡ್ಡ ಗೀರನ್ನು ಲೆಕ್ಕಾಚಾರ ತಿದ್ದಿಕೊಳ್ಳುತ್ತದೆ. ಎಲ್ಲರೂ ಅಡಿಭಾಗವನ್ನು ಜೋಪಾನ ಮಾಡುತ್ತಾರೆ. ನಿಜವಾಗಿ ನಾಜೂಕು ಇರುವುದು ಹೆಸರು ಬರೆಯುವ ಮೇಲ್ಭಾಗ. ಅಡಿಯಲ್ಲಿ 1.2 ಮಿಲಿಮೀಟರ್ ಪ್ಲಾಸ್ಟಿಕ್ ಕಾವಲಿದೆ. ಮೇಲೆ ತೆಳುವಾದ ಅರಗಿನಂಥ ಲೇಪ ಬಿಟ್ಟರೆ ಲೋಹವೇ. ಅಂಟಿಸಿದ ಚೀಟಿ ಕೀಳಲು ಹೋಗಬೇಡಿ. ಮಾಹಿತಿಯೂ ಚೀಟಿಯೊಡನೆ ಎದ್ದು ಬಂದೀತು.

ಎರಡನೆಯದು, ಒಳಗಿರುವುದು ಏನೆಂದು ತಿಳಿಯುವುದು. ಹಾಡಿನ ಸೀಡಿ ತೆರೆದರೆ ‘ಸಿಡಿಎ’ ಎಂಬ ಬಾಲದ ಪುಟ್ಟ ಕಡತಗಳು ಕಾಣುತ್ತವೆ. ಅನೇಕರು ಅವನ್ನೇ ಗಣಕಕ್ಕೆ ಎಳೆದು ಹಾಕಿ ಹಾಡು ಉಳಿಯಿತೆಂದುಕೊಂಡಿದ್ದಾರೆ. ಅವು ಹಾಡಲ್ಲ. ಹಾಡು ಎಲ್ಲಿದೆಯೆಂದು ಹೇಳುವ 44 ಬೈಟಿನ ವಿಳಾಸದ ಚೀಟಿಗಳು. ಹಾಡನ್ನು ‘ರಿಪ್’ ಮಾಡುವ ತಂತ್ರಾಂಶದಿಂದಲೇ ತೆಗೆಯಬೇಕು. ಮದುವೆಯ ವಿಸಿಡಿಯಾದರೆ ‘ಎಂಪೆಗ್‌ಎವಿ’ ಎಂಬ ಕೋಶದಲ್ಲಿರುವ ‘ಡ್ಯಾಟ್’ ಕಡತಗಳನ್ನು ತೆಗೆದುಕೊಳ್ಳಿ. ವಿಎಲ್‌ಸಿಯಂಥ ಉಚಿತ ತಂತ್ರಾಂಶ ಅವನ್ನು ಇಂದಿಗೂ ತೋರಿಸುತ್ತದೆ.

ಮೂರನೆಯದು, ಹಟ ಮಾಡುವ ಸೀಡಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಕೆಲವು ಸಲ ಹಳೆಯ ಸೀಡಿಯನ್ನು ‘ಮುಕ್ತಾಯ’ ಮಾಡದೆಯೇ ಬಿಟ್ಟಿರುತ್ತಾರೆ. ಅದನ್ನು ಬರೆದ ಯಂತ್ರವೋ ಕ್ಯಾಮೆರಾವೋ ಮೂಲೆಯಲ್ಲಿದ್ದರೆ ಅದರಲ್ಲೇ ನೋಡಿ. ಲಿನಕ್ಸಿನ ‘ಡಿಡಿರೆಸ್ಕ್ಯೂ’ ಎಂಬ ಉಚಿತ ತಂತ್ರಾಂಶ ಮೊದಲು ಸುಲಭವಾಗಿ ಬರುವ ಭಾಗಗಳನ್ನೆಲ್ಲ ತೆಗೆದುಕೊಂಡು, ಆಮೇಲೆ ಕೆಟ್ಟ ಭಾಗಗಳಿಗೆ ಮತ್ತೆ ಮತ್ತೆ ಹೋಗುತ್ತದೆ. ಜಾಣ ವಿದ್ಯಾರ್ಥಿ ಪ್ರಶ್ನೆಪತ್ರಿಕೆ ಬಿಡಿಸುವ ಕ್ರಮವೇ ಅದು.

ನಾಲ್ಕನೆಯದು, ತಾಳೆ ನೋಡುವುದು. ಪ್ರತಿಯಾಯಿತು ಎಂದು ಗಣಕ ಹೇಳಿದರೆ ಸಾಲದು, ತೆರೆದು ನೋಡಬೇಕು. ಕಡತದ ‘ಹ್ಯಾಶ್’ ಎಂಬುದು ಅದರ ಹೆಬ್ಬೆಟ್ಟಿನ ಗುರುತಿನಂತೆ. ಒಂದು ಅಕ್ಷರ ಬದಲಾದರೂ ಅದು ಬೇರೆಯಾಗುತ್ತದೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’ ಎಂಬ ಆಜ್ಞೆಯಿಂದ ಇದನ್ನು ನೋಡಬಹುದು. ನ್ಯಾಯಾಲಯಗಳೂ ಈಗ ಇದನ್ನು ಕೇಳುತ್ತವೆ. ಕೇರಳದ ಚುನಾವಣಾ ತಕರಾರೊಂದರಲ್ಲಿ ಹಾಜರುಪಡಿಸಿದ ಸೀಡಿಗಳನ್ನು ಪ್ರಮಾಣಪತ್ರವಿಲ್ಲದ ಕಾರಣಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ ಸಾಕ್ಷ್ಯವೆಂದು ಒಪ್ಪಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದ ನಮೂನೆಯಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ.

ಸೀಡಿ ತೆರೆಯಿತು, ಕನ್ನಡ ತೆರೆಯಲಿಲ್ಲ

ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಕಡತ ಸರಿಯಾಗಿ ತೆರೆದರೂ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು, ಕೊಂಬು ಬಾಲದ ಪರಕೀಯ ಅಕ್ಷರಗಳು ಕಲಸಿಕೊಂಡು ಕಾಣುತ್ತವೆ. ಸೀಡಿ ಕೆಟ್ಟಿಲ್ಲ, ಗಾಬರಿ ಬೇಡ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’ವಾಗಲಿ, ಆಮೇಲೆ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಾಗಲಿ ಮೊದಲ ದಿನಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗೊಂದಲ. ಯುನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ವಂತ ಸ್ಥಾನವಿದ್ದರೂ ಸಾಮಾನ್ಯರ ಗಣಕಕ್ಕೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯ ನಂತರ. ಆದ್ದರಿಂದ ಹಳೆಯ ಲೇಖನ, ಸಂಘದ ನಡಾವಳಿ, ವಂಶವೃಕ್ಷಗಳನ್ನು ಸೀಡಿಯಿಂದ ಇಳಿಸಿಕೊಂಡ ಮೇಲೆ ಪರಿವರ್ತಕ ತಂತ್ರಾಂಶದಿಂದ ಯುನಿಕೋಡಿಗೆ ತಂದು, ಒಮ್ಮೆ ಓದಿ ಒತ್ತಕ್ಷರಗಳನ್ನು ತಿದ್ದಿ. ಮೂಲ ಕಡತವನ್ನೂ ಅದರ ಫಾಂಟನ್ನೂ ಒಟ್ಟಿಗೆ ಇಟ್ಟುಕೊಳ್ಳಿ.

ಯಾವುದನ್ನು ಪ್ರತಿ ಮಾಡಬಹುದು?

ನಿಮ್ಮ ಸ್ವಂತ ಫೋಟೊ, ವಿಡಿಯೊ, ಬರಹಗಳಿಗೆ ಯಾರ ಅಪ್ಪಣೆಯೂ ಬೇಡ. ಕೊಂಡ ತಂತ್ರಾಂಶ ಹಾಳಾಗದಂತೆ ಕಾಯ್ದಿರಿಸಲು ಪ್ರತಿ ಮಾಡಿಕೊಳ್ಳುವುದನ್ನು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಒಪ್ಪುತ್ತದೆ. ಆದರೆ ಸಿನಿಮಾ, ಹಾಡುಗಳ ಸೀಡಿ ಬರೆದು ಮಾರುವುದು ಅಪರಾಧ. ಕರ್ನಾಟಕದಲ್ಲಂತೂ ಜನ ‘ಗೂಂಡಾ ಕಾಯ್ದೆ’ ಎನ್ನುವ 1985ರ ಕಾಯ್ದೆಯ ಹೆಸರಿಗೇ ತಿದ್ದುಪಡಿಗಳ ಮೂಲಕ ವಿಡಿಯೊ, ಆಡಿಯೊ ಕಳ್ಳಪ್ರತಿ ಮಾಡುವವರೂ ಸೇರಿಕೊಂಡಿದ್ದಾರೆ. ಉಳಿಸಲು ಮಾಡುವ ಪ್ರತಿಗೂ ಕದಿಯಲು ಮಾಡುವ ಪ್ರತಿಗೂ ಬಳಸುವ ಯಂತ್ರ ಒಂದೇ. ವ್ಯತ್ಯಾಸ ಕೈಯಲ್ಲಿದೆ.

ಕೊನೆಯದಾಗಿ, ಇಳಿಸಿಕೊಂಡದ್ದನ್ನು ಎಲ್ಲಿಡಬೇಕು? ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ, ಅದೂ ಮರೆಯುತ್ತದೆ. ಹಾರ್ಡ್ ಡಿಸ್ಕ್ ಕೂಡ ಒಂದು ದಿನ ನಿಲ್ಲುತ್ತದೆ. ಮೂರು ಪ್ರತಿ ಇರಲಿ. ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಮನೆಯಲ್ಲಿ, ಆದರೆ ಬೇರೆ ಊರಿನಲ್ಲಿರಲಿ. ನಾಲ್ಕೈದು ವರ್ಷಕ್ಕೊಮ್ಮೆ ತೆರೆದು ನೋಡಿ ಹೊಸದಕ್ಕೆ ಇಳಿಸಿ. ಕಡತಗಳಿಗೆ ಹೆಸರು, ವರ್ಷ, ಊರು, ಯಾರ್‍ಯಾರು ಇದ್ದಾರೆ ಎಂಬುದನ್ನು ಈಗಲೇ ಬರೆದಿಡಿ. ಗುರುತು ಹೇಳುವ ಹಿರಿಯರು ಎಂದೆಂದಿಗೂ ಇರುವುದಿಲ್ಲ.

ಓದಲಾರದೆ ಉಳಿದ ಸೀಡಿಗಳನ್ನು ಕಸಕ್ಕೆ ಎಸೆಯುವ ಮೊದಲು ಹತ್ತಿರದ ಶಾಲೆಯ ವಿಜ್ಞಾನ ಮೇಷ್ಟರನ್ನು ಕೇಳಿ. ಮಿಲಿಮೀಟರಿಗೆ 625 ಗೆರೆಗಳಿರುವ ಇಂಥ ವಿವರ್ತನ ಜಾಲ ನಮ್ಮ ಪ್ರಯೋಗಶಾಲೆಗಳಲ್ಲಿ ಅಗ್ಗವಾಗಿ ಸಿಗುವುದಿಲ್ಲ. ರಟ್ಟಿನ ಪೆಟ್ಟಿಗೆಯಲ್ಲಿ ಸಣ್ಣ ಸೀಳು ಮಾಡಿ, ಒಳಗೆ ಸೀಡಿಯ ತುಂಡೊಂದನ್ನು ಓರೆಯಾಗಿಟ್ಟರೆ, ಎಲ್‌ಇಡಿ ದೀಪದ ಬೆಳಕಿಗೂ ಟ್ಯೂಬ್‌ಲೈಟಿನ ಬೆಳಕಿಗೂ ಇರುವ ವ್ಯತ್ಯಾಸವನ್ನು ಎಂಟನೆಯ ತರಗತಿಯ ಮಗು ತಾನೇ ಕಣ್ಣಾರೆ ನೋಡಬಹುದು.